ಎಂಟು ನಿಮಿಷ

ಕಡಲು ಗದಗಿಗೆ ಎಂದೂ ಬಂದಿಲ್ಲ.
ಬಂದದ್ದು ಅದರ ಒಣಮೀನು, ಸಂತೆಗೆ,
ಮತ್ತೆ ಗೋಡೆಯ ಮೇಲೆ ಸಾಹೇಬರು ತೋರಿಸಿದ ಈ ಚಿತ್ರ:
ಹೆಬ್ಬೆರಳು ದಪ್ಪದ ಕರೀ ಹುರಿ,
ಕತ್ತಲಲ್ಲಿ, ಕೆಸರಲ್ಲಿ, ತನ್ನಷ್ಟಕ್ಕೆ ಮಲಗಿರುವುದು.
"ಒಂದ್ ಹಡಗಿನ ಲಂಗರು ಎಳೀತಂದ್ರ ಮುಗೀತು."
ಹಿಂದಿನ ಸಾಲಿನಿಂದ ಡ್ರೈವರ್ ಫಕೀರೇಶ ಕೇಳಿದ:
"ಅಲ್ರೀ ಸಾಹೇಬ್ರ, ಕಾವಲಿಗೆ ಯಾರ ಅದಾರ ಅಲ್ಲಿ?"
ಸಾಹೇಬರು ಮುಂದಿನ ಚಿತ್ರಕ್ಕೆ ಹೋದರು.

ಮಂಗಳವಾರ ಹನ್ನೊಂದಕ್ಕೆ ತಾಲೀಮು.
ನಮ್ಮ ಕೋಣೆಯ ನೆಟ್ಟಿನ ವೈರು ಅವರೇ ಕಿತ್ತರು,
ಎಲ್ಲರ ಮೊಬೈಲು ಒಂದು ಚೀಲಕ್ಕೆ, ಚೀಲಕ್ಕೊಂದು ಕೀಲಿ.
ಪರದೆಯ ಮೇಲೆ ನಕಾಶೆ ಅರ್ಧಕ್ಕೆ ನಿಂತಿತು.
ಮುಳಗುಂದ ನಾಕಾ ಇತ್ತು, ಬೆಟಗೇರಿ ಇರಲಿಲ್ಲ.
ನಾನು ಹುಟ್ಟಿದ ಓಣಿ ಬರೀ ಬೂದು ಚೌಕ.

ವಾಯರ್‌ಲೆಸ್ ಕಲಿಸಲು ಇಮಾಮಸಾಬ ಬೋದ್ಲೇಖಾನರು ಬಂದಿದ್ದರು,
ನಿವೃತ್ತರು. ಕಿವಿ ಮಂದ, ಗಂಟಲು ಮಾತ್ರ ಇನ್ನೂ ಇಲಾಖೆಯದು.
"ಆ ಕಡಿಯಾಂವ ತಿರಗಿ ಹೇಳೂತನಾ
ಬಟನ್ ಮ್ಯಾಲಿನ ಬಟ್ಟು ತಗೀಬ್ಯಾಡ್ರಿ ತಂಗಿ... ಅಲ್ಲಲ್ಲ, ತಗೀರಿ,
ಇಲ್ಲಾಂದ್ರ ಅಂವ ಹೆಂಗ ಹೇಳ್ಬೇಕು?"
ನಾಲ್ಕು ಬ್ಯಾಟರಿಯಲ್ಲಿ ಎರಡು ಸತ್ತಿದ್ದವು.
ರಕ್ತದ ಬ್ಯಾಂಕಿನ ನಂಬರು ಒಬ್ಬರಿಗೂ ಬಾಯಿಪಾಠ ಇರಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಹಳೆಯ ಫೋನು ಬಡಕೊಂಡಿತು.
ತಾಲೀಮಿನದೇ ಅಂದುಕೊಂಡೆ. ಅಲ್ಲ.
"ಸೊಸಿಗೆ ಬ್ಯಾನಿ ಎದ್ದಾವ್ರೀ ಯವ್ವಾ.
ಗಿರಣಿ ದಾಟಿ ಬರ್ರಿ, ಬೇವಿನ ಗಿಡ, ನೀಲಿ ಬಾಗಲಾ,
ಮಗ್ಗದ ಸಪ್ಪಳ ಕೇಳತೈತಲ್ರೀ, ಅದರ ಬಾಜೂಕ."
ತಾಲೀಮು ನಿಲ್ಲಿಸಿರಿ ಅಂದೆ. ಚೀಲ ನಮ್ಮ ಕಡೆ,
ಕೀಲಿ ಸಾಹೇಬರ ಕಿಸೆಯಲ್ಲಿ, ಸಾಹೇಬರು ಡಿಸಿ ಆಫೀಸಿನಲ್ಲಿ.

ಫಕೀರೇಶನ ಗಾಡಿ ಓಣಿ ಓಣಿ ತಿರುಗಿತು.
"ಮಗ್ಗ ಎಲ್ಲಿ ಬಡೀತೈತಿ? ಒಂದೂ ಕೇಳವಲ್ದು. ಓವರ್."
ಅಲ್ಲಿ ಕರೆಂಟು ಹೋಗಿತ್ತು.
ನನಗೆ ಹೊಳೆಯಬೇಕಿತ್ತು.
ಆ ಸಪ್ಪಳದಲ್ಲೇ ಮಲಗಿ ಬೆಳೆದವಳು ನಾನು;
ಅದು ನಿಂತರೇ ಅಪ್ಪನಿಗೆ ಎಚ್ಚರಾಗುತ್ತಿತ್ತು.
ಕೊನೆಗೆ ಯಾವನೋ ಹುಡುಗ
ಸೈಕಲ್ ಮೇಲೆ ಗಾಡಿಯ ಮುಂದೆ ಮುಂದೆ ಹೋದನಂತೆ.

ವರದಿಯಲ್ಲಿ: ತೃಪ್ತಿಕರ.
ನನ್ನ ರಜಿಸ್ಟರಿನಲ್ಲಿ, ಪೆನ್ಸಿಲಿನಲ್ಲಿ: ಹದಿನೇಳು ನಿಮಿಷ.
ದಿನದ ಲೆಕ್ಕಕ್ಕೆ ಒಂಬತ್ತು.
ಹೆರಿಗೆ ಗಾಡಿಯಲ್ಲೇ ಆಯಿತು, ರೈಲ್ವೆ ಗೇಟಿನ ಹತ್ತಿರ. ಹೆಣ್ಣು.
ಅಳಲು ತಡ ಮಾಡಿತು ಅಂದ ಫಕೀರೇಶ.
ಎಷ್ಟು ತಡ ಅಂತ ನಾನು ಕೇಳಲಿಲ್ಲ.

ಸಂಜೆ ವೈರು ಚುಚ್ಚಿದರು. ಬೆಟಗೇರಿ ಬಂತು,
ಹೆಸರಿನ ಸಮೇತ, ಏನೂ ಆಗದವರ ಹಾಗೆ.
ಇಮಾಮಸಾಬರು ಚಾ ಮುಗಿಸಿ
ಆ ಎರಡು ಸತ್ತ ಬ್ಯಾಟರಿಗಳನ್ನು
ಸಾಹೇಬರು ಸಹಿ ಹಾಕುವ ಜಾಗದ ಮೇಲೆ ನಿಲ್ಲಿಸಿ ಹೋದರು.

ಈಗ ರವಿವಾರಕ್ಕೊಮ್ಮೆ ಅವ್ವನ ಜೋಡಿ ಓಣಿ ತಿರುಗುತ್ತೇನೆ.
ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ:
ಗಿರಣಿ. ಬೇವಿನ ಗಿಡ. ಮೆಟ್ಟಲು ಒಡೆದ ಮನೆ.
ಕಡಲ ತಳದ ಹುರಿ ಕಾಯುವುದು ನನ್ನ ಕೈಯಲ್ಲಿಲ್ಲ.
ನೀಲಿ ಬಾಗಿಲಿಗೆ ಮೊನ್ನೆ, ಕೂಸಿನ ಹೆಸರಿಡುವ ಮುಂಚೆ, ಬಣ್ಣ ಬಳಿದಿದ್ದಾರೆ.
ಗೆರೆ ಎಳೆದು, ಪಕ್ಕದಲ್ಲಿ ಬರೆದೆ:
ಹಸಿರು.