ತಗಡಿಗೆ ಹೊಲಿಗೆ

ಮೂರು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ.
ನಿಟ್ಟುವಳ್ಳಿಯ ಬಾಡಿಗೆ ಮನೆಯ ಮುಂದೆ
ಇಷ್ಟು ಮಣ್ಣು ನನ್ನದು ಅಂದುಕೊಂಡಿದ್ದೇನೆ.
ಕನಕಾಂಬರ ಐದು ಬುಡ, ದೊಡ್ಡಪತ್ರೆ, ಒಂದು ಮೊಂಡು ಕರಿಬೇವು.
ನೀರು ಹಾಕಿದರೆ ಮಣ್ಣು ಗಟಾರಕ್ಕೆ,
ಓನರ್ ಹೆಂಡತಿಯ ಗೊಣಗು ನನ್ನ ಹೊಸಿಲಿಗೆ.

ಅಂಚು ಬೇಕು.
ಅಂಚು ಕಟ್ಟದ ಬಟ್ಟೆ ನೂಲು ಬಿಡುತ್ತದೆ, ಇಷ್ಟು ನನಗೆ ಗೊತ್ತು.

ದಾದಾಪೀರನ ಗುಜರಿಯಲ್ಲಿ
ಬೀರು ಮಾಡುವವರು ಕತ್ತರಿಸಿ ಬಿಟ್ಟ ತಗಡು,
ಗೇಣಗಲ, ಎರಡು ಮೊಳ ಉದ್ದ, ಏಳು ತುಂಡು.
ತೂಕಕ್ಕೆ ಹಾಕಿ ನಾನೂರಾ ಐವತ್ತು ಅಂದ.
"ಇವನ್ನ ಕೂಡಿಸೋದು ಹೆಂಗೆ?"
"ಅದು ನಿಮ್ಮ ನಸೀಬು ಅಕ್ಕಾ."
ಕಟ್ಟಿಕೊಟ್ಟ ಹಳೇ ಸೈಕಲ್ ಟ್ಯೂಬಿಗೆ ಕಾಸು ಕೇಳಲಿಲ್ಲ.

ವೆಲ್ಡಿಂಗ್ ಶಾಪಿನ ಹಯಾತ್ ಸಾಬರು
ಕರಿ ಕನ್ನಡಿ ಹಣೆಗೇರಿಸಿ ತಗಡನ್ನು ಉಗುರಿಂದ ತಟ್ಟಿದರು.
"ಆರು ಜಾಯಿಂಟು, ಒಂಬೈನೂರು.
ನೀವೇ ಕಲೀತೀನಿ ಅಂದ್ರೆ ಇದ್ರ ಮೇಲೆ ಬ್ಯಾಡ.
ತೆಳ್ಳಗೈತೆ, ಕೈ ಚೂರು ನಿಂತ್ರೆ ತೂತು."
ಒಂಬೈನೂರು ಅಂದರೆ ಲೈನಿಂಗ್ ಬ್ಲೌಸು ಮೂರು,
ಅದರಲ್ಲಿ ಒಂದರ ದುಡ್ಡು ಬರುವುದು ದೀಪಾವಳಿಗೆ.

ಮೊದಲ ಜಾಯಿಂಟು ತಂತಿಯದು.
ಮೊಳೆ ಇಟ್ಟು ಸುತ್ತಿಗೆಯಲ್ಲಿ ನಾಲ್ಕು ತೂತು,
ಸೆಂಟ್ರಿಂಗ್‌ನವರು ಬಿಟ್ಟುಹೋದ ತಂತಿ ಪೋಣಿಸಿ ಹುರಿ ಹಾಕಿದೆ.
ಕಚ್ಚಾ ಹೊಲಿಗೆ. ನಿಂತಿತು.
ಸಂಜೆ ಬೆಕ್ಕು ಹಾರಿತು, ಬಾಯಿ ಬಿಟ್ಟಿತು.

ಎರಡನೆಯದಕ್ಕೆ ವೈರಿಂಗ್ ಕೊಟ್ರೇಶಿಯ ಡ್ರಿಲ್ಲು,
ಕೆಲಸವಿಲ್ಲದ ಅಮಾಸೆ ದಿನದ ಸಾಲ.
ಅವಸರ ಮಾಡಿದೆ, ಬಿಟ್ ಮುರಿಯಿತು, ಮೂವತ್ತೈದು ರೂಪಾಯಿ.
"ಓಡಿಸಬ್ಯಾಡ್ರಿ, ಒಂದು ಹನಿ ಎಣ್ಣೆ ಬಿಟ್ಟು ನಿಧಾನ ಕಚ್ಚಿಸ್ರಿ."
ಹೊಲಿಗೆ ಮಷೀನಿನ ಎಣ್ಣೆ ಕುಡಿದು ಉಕ್ಕು ಮೆತ್ತಗಾಯಿತು.
ತುದಿಯ ಮೇಲೆ ತುದಿ ಎರಡು ಬೆರಳು ಹಾಸಿ
ಎರಡು ಬೋಲ್ಟು, ಅಗಲದ ವಾಷರ್,
ತಲೆ ಹೊರಗೆ, ನಟ್ಟು ಮಣ್ಣಿನ ಕಡೆ.
ಗುಂಡಿ, ಕಾಜಾ! ಇಷ್ಟೇನಾ ಅಂತ ಒಬ್ಬಳೇ ನಕ್ಕೆ.

ಪೂರ್ತಿ ಬಿಗಿ ಮಾಡಬೇಡ ಅಂತ ಯಾರೂ ಹೇಳಿರಲಿಲ್ಲ.
ಏಪ್ರಿಲ್ ಬಿಸಿಲು ಹೇಳಿತು:
ಮಧ್ಯಾಹ್ನ ಎರಡಕ್ಕೆ ಟಣ್ ಅಂದು
ತಗಡು ಹೊಟ್ಟೆ ಉಬ್ಬಿಸಿತು.
ತೂತನ್ನು ಉದ್ದಕ್ಕೆ ಕೊರೆದೆ.
ಬೆಳೆಯುವ ಹುಡುಗಿಯ ಬ್ಲೌಸಿಗೆ ಒಳಗೆ ಬಟ್ಟೆ ಬಿಡುವುದಿಲ್ಲವೇ,
ಹಾಗೆ.

ಲಂಗ ಒಯ್ಯಲು ಬಂದ ಹಾಲಮ್ಮಜ್ಜಿ ನಿಂತೇ ನೋಡಿದಳು.
ಅವಳ ಗಂಡ ಚೌಕಿಪೇಟೆಯಲ್ಲಿ ಡಬ್ಬಿ ಬಡಿಯುತ್ತಿದ್ದವನು.
"ಹಿಂಗೆ ಬಾ," ಅಂದು ಮೆಟ್ಟಿಲ ಅಂಚಿಗೆ ತಗಡು ಒರಗಿಸಿ
ತುದಿಯನ್ನು ಒಂದು ಬೆರಳು ಹಿಂದಕ್ಕೆ ಬಗ್ಗಿಸಿದಳು,
ಇನ್ನೊಂದರ ತುದಿ ಮುಂದಕ್ಕೆ,
ಕೊಕ್ಕೆಯೊಳಗೆ ಕೊಕ್ಕೆ ಸೇರಿಸಿ
ಕೊಡತಿಯಿಂದ ಬಡಿ ಅಂದಳು. ಬಡಿದೆ.
ಬೋಲ್ಟಿಲ್ಲ, ಬೆಂಕಿಯಿಲ್ಲ, ಮೂರು ಕಾಸಿನ ಖರ್ಚಿಲ್ಲ.
ನಾನು ಅವಳ ಲಂಗದ ಪಕ್ಕದ ಹೊಲಿಗೆ ತಿರುವಿ ನೋಡಿದೆ:
ಮಡಿಕೆಯೊಳಗೆ ಮಡಿಕೆ.
ಇಪ್ಪತ್ತೆರಡು ವರ್ಷ ಕೈಯಲ್ಲೇ ಇತ್ತು.

ಹೊರಗಿನ ಚೂಪು ಅಂಚಿಗೆ ದಾದಾಪೀರನ ಟ್ಯೂಬು ಸೀಳಿ
ಪೈಪಿಂಗ್ ಕೂಡಿಸಿದೆ.
ಕರಿಯದು. ಕನಕಾಂಬರಕ್ಕೆ ಒಪ್ಪುತ್ತದೆ.

ನಾಲ್ಕು ಜಾಯಿಂಟು ಮಡಿಕೆ.
ಮೂಲೆಯ ಎರಡು ಮಾತ್ರ ಬೋಲ್ಟೇ ಇರಲಿ ಅಂತ ಬಿಟ್ಟೆ.
"ಅವನ್ನೂ ಬಡಿದುಬಿಡು, ಗಟ್ಟಿ," ಅಂದಳು ಅಜ್ಜಿ.
ಬಾಡಿಗೆ ಮನೆ ಅಜ್ಜಿ, ಅಂದೆ.
ಅವಳು ಲಂಗದ ದುಡ್ಡು ಎಣಿಸಿ ಕೊಟ್ಟಳು, ಹತ್ತು ಹೆಚ್ಚಿಗೆ.

ಹತ್ತರ ಸ್ಪ್ಯಾನರ್ ಒಂದು
ಗುಂಡಿ ಡಬ್ಬಿಯಲ್ಲಿ, ಹುಕ್ಕುಗಳ ನಡುವೆ ಇದೆ.
ಹುಡುಕಿದಾಗೆಲ್ಲ
ಬೆರಳಿಗೆ ಮೊದಲು ಅದೇ ಸಿಗುತ್ತದೆ.