ಸಾವಿರದ ನಲವತ್ತೊಂದನೆಯ ಸಾಲು

ಮಂಡ್ಯದ ಬೆಲ್ಲದ ಮಂಡಿಯಲ್ಲಿ
ಕೀಬೋರ್ಡಿಗೂ ಇರುವೆ ಹತ್ತುತ್ತದೆ.
ಮಂಟೇಲಿಂಗಯ್ಯ ಸೋಮವಾರ ಸೋಮವಾರ ಅದನ್ನು ಬೋರಲು ಹಾಕಿ
ಬೆನ್ನಿಗೆ ಎರಡು ತಟ್ಟುತ್ತಾರೆ,
ಹಾಲು ಕುಡಿದ ಮಗುವಿಗೆ ತೇಗು ಬರಿಸುವ ಹಾಗೆ.
ಆಮೇಲೆ ನೋಡದೆಯೇ ಒತ್ತುತ್ತಾರೆ: ಎಫ್ ಎರಡು, ಎಂಟರ್, ಎಂಟರ್.
ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ
ತೊಂಬತ್ತಾರರಿಂದ ಹಾಗೇ ಎದ್ದು ಬರುತ್ತಿದೆ:
ಅಚ್ಚು, ಮುದ್ದೆ, ಕುರಿಕಟ್ಟು, ಇತರೆ.

ನನ್ನನ್ನು ಕರೆಸಿದ್ದು ಒಂದೇ ಪ್ರಶ್ನೆಗೆ:
ಇದಕ್ಕೇ ತೇಪೆ ಹಾಕಿ ಓಡಿಸೋದೋ,
ಹೊಸದಾಗಿ ಬರೆಸೋದೋ.
ಚಿಕ್ಕಲಿಂಗಯ್ಯನವರು ಮೈಸೂರಿನ ಕಂಪನಿಯ ಕೊಟೇಶನ್ ತೋರಿಸಿದರು.
ಫೋನಿನಲ್ಲೇ ಲೆಕ್ಕ, ಬಣ್ಣದ ಗ್ರಾಫು, ಮೂರು ತಿಂಗಳ ಗಡುವು.
"ಏನ್ ಮಹಾ ಮೇಡಂ? ಹಳೇದನ್ನ ಕರಗಿಸಿ
ಹೊಸ ಅಚ್ಚಿಗೆ ಹುಯ್ದ್ರಾಯ್ತು."
ಮಂಟೇಲಿಂಗಯ್ಯ ರಶೀದಿಯಿಂದ ತಲೆ ಎತ್ತಲಿಲ್ಲ:
"ಕರಗ್ಸಿದ್ ಬೆಲ್ಲ ಕಪ್ಪಾಯ್ತದೆ ಸೋಮಿ."

ಓದಿದೆ. ನಾಲ್ಕು ದಿನ.
ನಂಜುಂಡಾರಾಧ್ಯ ಎಂಬೊಬ್ಬರು ಬರೆದದ್ದು, ಈಗಿಲ್ಲ.
ಇದ್ದಾಗ ಜಿಪುಣರಿದ್ದಿರಬೇಕು,
ಹೆಸರುಗಳೆಲ್ಲ ಎರಡೆರಡೇ ಅಕ್ಷರ,
ಹಮಾಲಿಗೆ ಎಚ್ಎಂ, ತೂಕಕ್ಕೆ ಟಿಕೆ,
ಯಾತಕ್ಕೆ ಅನ್ನುವುದಕ್ಕೆ ಒಂದು ಮಾತೂ ಖರ್ಚಿಲ್ಲ.
ಬೈದುಕೊಂಡೆ. ಸಂಜೆಯ ರೈಲಿನಲ್ಲಿ, ಎಲಿಯೂರು ದಾಟುವಷ್ಟರಲ್ಲಿ,
ಮನಸ್ಸಿನಲ್ಲೇ ಹೊಸದನ್ನು ಅರ್ಧ ಬರೆದೂ ಬಿಟ್ಟಿದ್ದೆ.

ಐದನೆಯ ದಿನ, ಸಾವಿರದ ನಲವತ್ತೊಂದನೆಯ ಸಾಲು:
ತಿಂಗಳು ಆರರಿಂದ ಒಂಬತ್ತಾದರೆ
ಕುರಿಕಟ್ಟಿಗೆ ಕ್ವಿಂಟಾಲಿಗೊಂದು ಕೇಜಿ ಕಳೆ.
ಸರಿ, ಮಳೆಗಾಲ, ಬೆಲ್ಲ ಬೆವರುತ್ತದೆ.
ಅದರ ಬೆನ್ನಿಗೇ:
ಕೋಡು ಎಪ್ಪತ್ತೇಳಾದರೆ ಕಳೆಯಬೇಡ.
ಪಕ್ಕದಲ್ಲಿ, ಇಡೀ ಪ್ರೋಗ್ರಾಮಿನಲ್ಲಿ ಆ ಮನುಷ್ಯ ಬರೆದ
ಒಂದೇ ಒಂದು ಟಿಪ್ಪಣಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:
ಮುಟ್ಟಬೇಡಿ.

"ಎಪ್ಪತ್ತೇಳಾ?" ಮಂಟೇಲಿಂಗಯ್ಯ ಪೆನ್ನಿಗೆ ಮುಚ್ಚಳ ಹಾಕಿದರು.
"ಕೊತ್ತತ್ತಿ ದ್ಯಾವೀರಮ್ಮ. ತೊಂಬತ್ತೆಂಟ್ರಲ್ಲಿ, ತುಂಬಿದ್ ಮಂಡೀಲಿ,
ಮನೆಯಿಂದ ತಂದಿದ್ ಕಲ್ಲಿಟ್ಟು ನಮ್ ತಕ್ಕಡಿ ತೂಗಿದ್ಳು.
ನಮ್ದು ಒಂದು ಕೇಜಿ ತಿಂತಿತ್ತು.
ದೊಡ್ ಸಾವ್ಕಾರ್ರು ಬಾಯೇ ಬುಡ್ನಿಲ್ಲ.
ಸಂಜೆ ಆರಾಧ್ಯರ್ನ ಕರುದ್ರು, ಈಯಮ್ಮಂಗೆ ಯಾವತ್ತೂ ಕಳೀಬ್ಯಾಡಿ ಅಂದ್ರು. ಅಷ್ಟೇಯ."
"ಪತ್ರ ಏನಾದರೂ?"
"ಮಾತ್ಗೆ ಯಾವ್ ಪತ್ರವ್ವ?"

ಈಗ ಬೆಲ್ಲ ತರುವವನು ಅವಳ ಮೊಮ್ಮಗ.
ಅವನಿಗೆ ಗೊತ್ತಿಲ್ಲ. ಚಿಕ್ಕಲಿಂಗಯ್ಯನವರಿಗೂ ಗೊತ್ತಿಲ್ಲ,
ಅಪ್ಪನ ನಾಚಿಕೆಯೊಂದು
ಹಸಿರು ಅಕ್ಷರಗಳ ಹಿಂದೆ ಕೂತು
ಮಳೆಗಾಲ ಮಳೆಗಾಲಕ್ಕೆ ಕೇಜಿ ಕೇಜಿಯಾಗಿ ತೀರುತ್ತಿದೆ ಎಂದು.

ಹಾಗಾದರೆ ಹಳೆಯದೇ ಇರಲಿ ಅನ್ನಬಹುದಿತ್ತು.
ಆದರೆ ಡಿಸ್ಕು ಆಗಲೇ ಕಿರುಗುಡುತ್ತಿದೆ,
ಪ್ರಿಂಟರಿನ ರಿಬ್ಬನ್ನು ಸಿಗುವುದು ಮೈಸೂರಿನ ಒಂದೇ ಅಂಗಡಿಯಲ್ಲಿ,
ಆ ಅಂಗಡಿಯವರಿಗೂ ಕಣ್ಣು ಮಂಜು.
ಒಂದು ಸಿಡಿಲಿಗೆ ಕರೆಂಟು ಹಾರಿದರೆ
ದ್ಯಾವೀರಮ್ಮನ ಕಲ್ಲೂ ಹೋಯಿತು.

ವರದಿ ಬರೆದೆ: ಹೊಸದು ಬೇಕು. ಮೂರು ತಿಂಗಳಲ್ಲಿ ಅಲ್ಲ.
ಒಂದು ಮಳೆಗಾಲ ಪೂರ್ತಿ ಎರಡೂ ಅಕ್ಕಪಕ್ಕ ಓಡಲಿ,
ಎಲ್ಲೆಲ್ಲಿ ಒಂದು ಕೇಜಿ ತಾಳೆಯಾಗುವುದಿಲ್ಲವೋ
ಅಲ್ಲಲ್ಲಿ ನಿಂತು ಗುಮಾಸ್ತರನ್ನು ಕೇಳಬೇಕು.
ಓದಿ ಹೇಳಿದಾಗ ಮಂಟೇಲಿಂಗಯ್ಯ ನಕ್ಕರು:
"ಬಿರ್ರನೆ ಕೇಳವ್ವ,
ಮಂಡಿ ಬುಡೋಕ್ ಮೊದ್ಲೇ ಮಂಡಿ ಬುಟ್ಟೋಗೈತೆ."
ಮೊಣಕಾಲು ನೀವಿಕೊಂಡು ಎದ್ದರು.

ಎಪ್ಪತ್ತೇಳರ ವಿಷಯ ವರದಿಯಲ್ಲಿ ಇನ್ನೂ ಸೇರಿಸಿಲ್ಲ.
ಹೇಳಿದರೆ ಚಿಕ್ಕಲಿಂಗಯ್ಯನವರು ತೆಗೆಸಿಬಿಡಬಹುದು,
ಅಥವಾ ಸುಮ್ಮನೆ ಕಿಟಕಿಯಾಚೆ ನೋಡಬಹುದು.
ಹೇಳದೆ ಹೊಸದರಲ್ಲಿ ಬರೆದರೆ
ಮಾತು ಕೊಟ್ಟವಳು ನಾನಾಗುತ್ತೇನೆ.

ಹೊಸ ಫೈಲು ತೆರೆದು ಕೂತಿದ್ದೇನೆ, ಬಿಳಿ.
ಮೊದಲ ಸಾಲು ಕೋಡು ಅಲ್ಲ:
ಕೊತ್ತತ್ತಿಯಲ್ಲಿ ದ್ಯಾವೀರಮ್ಮ ಎಂಬುವರಿದ್ದರು.
ಎಂಟರ್ ಕೀಲಿಯ ಸಂದಿಯಿಂದ ಒಂದು ಇರುವೆ
ಹೊರಬಂದು, ಮೀಸೆ ಆಡಿಸಿ,
ಒಳಗೇ ಹೋಯಿತು.