ಏಣಿ

ಸುಂಟಿಕೊಪ್ಪದಾಚೆ ಲೈನ್‌ಮನೆ, ಏಳನೇ ಕೋಣೆ.
ಮಂಚದ ಮೇಲೆ ಚೌರಪ್ಪ; ಕೊರಳಿನ ಕೆಳಗೆ
ಅವನಿಗೆ ಅವನೇ ಇಲ್ಲ.

ಸಿಲ್ವರ್ ಓಕಿನಿಂದ ಬಿದ್ದ ದಿನ
ಚೀಲದ ಮೆಣಸು ಗಿಡದ ಬುಡಕ್ಕೆಲ್ಲ ಚೆಲ್ಲಿತ್ತು.
ರೈಟರು ಆಯಿಸಿ, ತೂಗಿಸಿ,
ಅರ್ಧ ದಿನದ ಕೂಲಿ ಬರೆದರು.
ತಪ್ಪೇನಿಲ್ಲ, ಲೆಕ್ಕ ಸರಿಯೇ ಇತ್ತು.

ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು,
ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ
ಅಂದಿದ್ದಳು ಮಡಿಕೇರಿಯ ನರ್ಸು.
ಇರುಳೆಲ್ಲ ಜಪಸರದ ಮಣಿ ಎಣಿಸಿ ಎಚ್ಚರವಿರುತ್ತೇನೆ.
'ವರಪ್ರಸಾದ ಪೂರ್ಣೆ' ಸಲೀಸಾಗಿ ಬರುತ್ತದೆ ಬಾಯಿಗೆ.
ಪರಲೋಕ ಮಂತ್ರದಲ್ಲಿ ಮಾತ್ರ
'ನಿಮ್ಮ ಚಿತ್ತ' ಎಂಬಲ್ಲಿ ಗಂಟಲು ಕಟ್ಟಿ
ಅದನ್ನು ದಾಟಿ, ನೇರ
ಅನ್ನ ಕೇಳುವ ಸಾಲಿಗೆ ಹೋಗುತ್ತೇನೆ.
ಅವನಿಗೆ ಗೊತ್ತು. ಸುಮ್ಮನಿರುತ್ತಾನೆ.

ಹಿತ್ತಿಲಲ್ಲಿ ಆ ಏಣಿ, ಒಂಟಿ ಬಿದಿರು.
ವಿಭೂತಿ ಬುಧವಾರ, ಒಲೆಗೆ ಸೀಳಲೆಂದು ಕತ್ತಿ ತೆಗೆದೆ.
"ಬೇಡ. ಇನ್ನಾಸಿಯ ಮಗನಿಗೆ ಕೊಡು.
ಗಣ್ಣು ನೋಡಿ ಕಡಿದು ತಂದವನು ನಾನೇ.
ಜಾರಿದ್ದು ಕಾಲು, ಬಿದಿರಲ್ಲ."
ಅಷ್ಟು ಹೇಳಿ ಗೋಡೆಗೆ ಮುಖ ಮಾಡಿದ;
ಮುಖವೊಂದೇ ಈಗ ಅವನ ಮಾತು ಕೇಳುವುದು.

ಹುಡುಗ ಹೆಗಲಿಗೇರಿಸಿ ಹೊರಟ.
ಕಾಫಿಗಿಡಗಳ ಮೇಲೆ ಏಣಿಯ ತುದಿಯೊಂದೇ
ತೂಗಾಡುತ್ತ ಹೋಯಿತು ಬಹಳ ದೂರ.
ಅವನ ಕಾಲು ಕಾಯಪ್ಪಾ ಅಂದೆ, ಕತ್ತಿ ಕೈಯಲ್ಲೇ ಇತ್ತು.
ಅದು ಪ್ರಾರ್ಥನೆ ಎಂದು ಆಮೇಲೆ ತಿಳಿಯಿತು.

ಆ ರಾತ್ರಿ 'ನಿಮ್ಮ ಚಿತ್ತ' ಅಂದೆ,
ಅಷ್ಟೇ ಆಯಿತು ನನ್ನಿಂದ.
ಉಳಿದದ್ದು ಮಂಚದಿಂದ ಬಂತು.
ಮಗ್ಗುಲು ತಿರುಗಿಸಿದೆ. ಬೆನ್ನು ಬೆಚ್ಚಗಿತ್ತು.